ರೊಟ್ಟಿ ಬಡಿಯುವ ಸದ್ದು ನಿಂತಾಗ

ನನ್ನ ಮೊಮ್ಮಗಳ ನೌಕರಿ ಕಾಯಂ ಆಯಿತು! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಬೆಳಿಗ್ಗೆಯಿಂದ ಹಾಲಿನವನಿಗೆ, ಹಿಟ್ಟಿನ ಗಿರಣಿಯವನಿಗೆ, ಸೇಡಂ ಬಸ್ಸಿನ ಕಂಡಕ್ಟರನಿಗೆ, ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಚಿಂಚೋಳಿಯ ಯಾರೋ ಹೆಣ್ಣುಮಗಳಿಗೆ ಹೇಳಿ ಆಯಿತು. ಆಕೆಗೆ ಕನ್ನಡಕ್ಕಿಂತ ತೆಲುಗು ಹೆಚ್ಚು ಬರುತ್ತಿತ್ತು. ಆದರೂ ಇಳಿಯುವ ಹೊತ್ತಿಗೆ ಆಕೆಗೆ ನನ್ನ ಅಂಬಿಕಾಳ ಹತ್ತನೆಯ ತರಗತಿಯ ಮಾರ್ಕ್ಸ್ ಕೂಡ ಗೊತ್ತಾಗಿತ್ತು. ಅಂಬಿಕಾ ಸಿಮೆಂಟ್ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್. ನಿನ್ನೆಯವರೆಗೆ ಅದರ ಹಿಂದೆ ಟ್ರೇನಿ ಎಂಬ ಬಾಲವಿತ್ತು, ಇವತ್ತು ಆ ಬಾಲ ಉದುರಿತು. ಇನ್ನೊಂದು ಮಾತಿದೆ. ಅದನ್ನು ಕಂಡಕ್ಟರನಿಗೆ ಹೇಳಲಿಲ್ಲ, ನಿಮಗಷ್ಟೇ ಹೇಳುತ್ತೇನೆ. ಅವಳು ಕಾಯಂ ಆದದ್ದು ನನ್ನನ್ನು ಎಲ್ಲರೆದುರಿಗೆ ಅಡುಗೆಮನೆಯಿಂದ ಹೊರಗೆ ಹಾಕಿದ್ದಕ್ಕೆ.

ನಾನು ಶರಣಮ್ಮ. ಮೂರನೆಯ ತರಗತಿಯವರೆಗೆ ಓದಿದ್ದೇನೆ. ಮೂರನೆಯದನ್ನು ಎರಡು ಸಲ ಓದಿದ್ದರಿಂದ ನಾಲ್ಕು ವರ್ಷ ಓದಿದ್ದೇನೆ ಎಂದರೂ ಸುಳ್ಳಲ್ಲ. ನಾವು ಹತ್ತು ಜನ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಅದೇ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ ಬಡಿಯುತ್ತೇವೆ. ಯಾವ ಫ್ಯಾಕ್ಟರಿ ಎಂದು ಕೇಳಬೇಡಿ. ಸೇಡಂನಿಂದ ವಾಡಿಯವರೆಗೆ ಕಣ್ಣುಮುಚ್ಚಿ ಒಂದು ಕಲ್ಲು ಎಸೆದರೆ ಅದು ಬೀಳುವುದು ಯಾವುದಾದರೊಂದು ಸಿಮೆಂಟ್ ಫ್ಯಾಕ್ಟರಿಯ ಕಾಂಪೌಂಡಿನೊಳಗೇ. ಕೆಲಸ ಶುರುವಾಗುವ ಮುಂಚೆ ಕ್ಯಾಂಟೀನಿನ ಮ್ಯಾನೇಜರರು ಹದಿನೈದು ಹಾಳೆಗಳ ಒಂದು ಅಗ್ರಿಮೆಂಟ್ ತಂದು, “ಓದಿ ಹೇಳ್ತೀನಿ, ಎಲ್ಲಾರೂ ಕುಂದ್ರಿ” ಎಂದರು. ಆಗ ಹಂಚು ಕಾದಿತ್ತು, ಹಿಟ್ಟು ನಾದಿ ಆಗಿತ್ತು. “ಓದೂದೆಲ್ಲ ಬ್ಯಾಡ್ರಿ ಸಾಹೇಬ್ರ, ಸಹಿ ಎಲ್ಲಿ ಮಾಡ್ಬೇಕು ತೋರಿಸ್ರಿ” ಎಂದು ಒಬ್ಬ ಜಾಣೆ ಹೇಳಿದಳು. ಆ ಜಾಣೆ ಸಂಘದ ಅಧ್ಯಕ್ಷೆ, ಅಂದರೆ ನಾನು. ಹೀಗೆ ನಾನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಹಪ್ಪಳದಷ್ಟು ದೊಡ್ಡದಾಗಿ ಬರೆದು ಸಹಿ ಮಾಡಿದ ಹಾಳೆಯ ಮೇಲ್ಗಡೆ ‘ಆರೋಗ್ಯ ಮತ್ತು ಸುರಕ್ಷತೆಯ ಜವಾಬ್ದಾರಿಗಳು’ ಎಂದು ಬರೆದಿತ್ತಂತೆ.

ಅದರಲ್ಲಿ ಏನೇನಿತ್ತು ಎಂಬುದು ಆಮೇಲೆ ಗೊತ್ತಾಯಿತು. ತಲೆಗೆ ಟೊಪ್ಪಿಗೆ ಹಾಕಬೇಕು, ಕೈಗೆ ಪ್ಲಾಸ್ಟಿಕ್ ಗ್ಲೌಸು ಹಾಕಬೇಕು, ಉಗುರು ಬಿಡಬಾರದು, ಕೈಯಲ್ಲಿ ಗಾಜಿನ ಬಳೆ ಇರಕೂಡದು. ಆಫೀಸರು ಮೂರು ಸಲ ನಮ್ಮ ತಪ್ಪು ಬರೆದುಕೊಂಡರೆ ಅಗ್ರಿಮೆಂಟೇ ರದ್ದು. ಉಗುರಿಗೆ ನಮ್ಮದೇನೂ ತಕರಾರಿರಲಿಲ್ಲ. ಆದರೆ ಗ್ಲೌಸು ಹಾಕಿಕೊಂಡು ರೊಟ್ಟಿ ಬಡಿಯುವುದೆಂದರೆ ಕೊಡೆ ಹಿಡಿದುಕೊಂಡು ಸ್ನಾನ ಮಾಡಿದ ಹಾಗೆ. ಹಿಟ್ಟು ಕೈಯ ಮಾತು ಕೇಳುವುದಿಲ್ಲ, ಗ್ಲೌಸಿಗೇ ಅಂಟಿಕೊಂಡು ಕೂಡುತ್ತದೆ. ನಮ್ಮ ಸಂಘದ ಚಂದಮ್ಮ ತನ್ನ ಗ್ಲೌಸಿನಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳತೊಡಗಿದಳು. ಐದು ಬೆರಳಿಗೆ ಐದು ಖಾನೆ, ಸುಣ್ಣಕ್ಕೂ ಬೇರೆ ಜಾಗ ಇತ್ತು. ಟೊಪ್ಪಿಗೆ ಹಾಕಿಕೊಂಡರೆ ನಾವೆಲ್ಲ ತೊಟ್ಟು ಸಮೇತ ಬದನೆಕಾಯಿಯಂತೆ ಕಾಣುತ್ತೇವೆಂದು ಅವಳೇ ಹೇಳಿದ್ದು. ಇನ್ನು ಬಳೆ! ನಮ್ಮ ಮನೆಯವರು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿ ಕುಳಿತಿರುವಾಗ ನಾನೇಕೆ ಬಳೆ ತೆಗೆಯಲಿ?

ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಹತ್ತು ಜನ ಒಟ್ಟಿಗೆ ಶಹಾಬಾದಿ ಫರಸಿಕಲ್ಲಿನ ಮೇಲೆ ರೊಟ್ಟಿ ಬಡಿಯುವಾಗ ಆ ಸದ್ದು ಫ್ಯಾಕ್ಟರಿ ಗೇಟಿನವರೆಗೆ ಕೇಳುತ್ತದೆ. ಬಾಗಿಲ ಹತ್ತಿರ ಕೂಡುವ ಚಂದಮ್ಮ ಯಾರಾದರೂ ಆಫೀಸರ್ ಬರುವುದು ಕಂಡ ಕೂಡಲೇ ಬಡಿಯುವುದನ್ನು ನಿಲ್ಲಿಸಬೇಕು. ಅವಳದು ನಿಂತರೆ ಪಕ್ಕದವಳದು ನಿಲ್ಲಬೇಕು, ಹೀಗೇ ಕೊನೆಯವರೆಗೆ. ಬಾಯಿ ಬಿಡುವ ಹಾಗಿಲ್ಲ, ಕೈ ಮಾಡುವ ಹಾಗಿಲ್ಲ. ಸದ್ದು ನಿಂತಿತೋ, ಗೂಟದ ಟೊಪ್ಪಿಗೆ ತಲೆಗೆ, ಬಳೆಗಳು ಮೊಳಕೈಯತ್ತ, ಅವುಗಳ ಮೇಲೆ ಸೆರಗು. ಮೊದಲಿದ್ದ ಸೇಫ್ಟಿ ಸಾಹೇಬರು ಒಳಗೆ ಬಂದು, “ವಾಹ್, ಏನು ಶಿಸ್ತು, ಏನು ಶಾಂತಿ!” ಎಂದು ಬರೆದುಕೊಂಡು, ಶೇಂಗಾ ಹಿಂಡಿಯ ಜೊತೆ ಎರಡು ಬಿಸಿ ರೊಟ್ಟಿ ತಿಂದು ಹೋಗುತ್ತಿದ್ದರು. ನಾನು ಇನ್ನೂ ನಾಲ್ಕು ಕ್ಲಾಸು ಹೆಚ್ಚು ಓದಿದ್ದರೆ ಏನೇನು ಮಾಡುತ್ತಿದ್ದೆನೋ ಎಂದು ನಮ್ಮ ಮನೆಯವರಿಗೆ ಈಗಲೂ ಭಯವಿದೆ.

ಆ ಸಾಹೇಬರು ವರ್ಗವಾಗಿ ಹೋದ ಜಾಗಕ್ಕೆ ಬಂದವಳೇ ನನ್ನ ಅಂಬಿಕಾ. ಈ ಸೇಫ್ಟಿಯ ವಿದ್ಯೆ ಅವಳಿಗೆ ಎಲ್ಲಿಂದ ತಲೆಗೆ ಹೊಕ್ಕಿತು ಎನ್ನುವುದು ನನಗೆ ಗೊತ್ತು. ನಮ್ಮ ಮನೆಯವರು ಹರೆಯದಲ್ಲಿ ಭಂಕೂರದ ಕಡೆ ಕಲ್ಲಿನ ಗಣಿಯಲ್ಲಿ ದುಡಿದವರು. ಅವರ ಎಡಗೈಯ ಕಿರುಬೆರಳು ಅರ್ಧವೇ ಇದೆ. ಉಳಿದರ್ಧ ಯಾರ ಮನೆಯ ಫರಸಿಯ ಕೆಳಗಿದೆಯೋ ಎಂದು ಅವರು ನಗುತ್ತಾರೆ. ಅಂಬಿಕಾ ಸಣ್ಣವಳಿದ್ದಾಗ ಆ ಬೆರಳನ್ನೇ ಹಿಡಿದುಕೊಂಡು ನಡೆಯುತ್ತಿದ್ದಳು. ಒಂದು ದಿನ ಕೇಳಿದಳು, “ಮುತ್ಯಾ, ಇದು ಹೋದಾಗ ಯಾರರೆ ಬರಕೊಂಡ್ರೇನು?” ಇವರು, “ಏನ್ ಬರಕೋತಾರವ್ವಾ? ಬಟ್ಟಿ ಸುತ್ತಿದ್ರು, ಮರುದಿನ ಕೆಲಸಕ್ಕ ಹೋದೆ” ಎಂದರು. ಅವತ್ತು ಆ ಹುಡುಗಿ ಊಟ ಬಿಟ್ಟು ಎದ್ದಿದ್ದಳು. ದೊಡ್ಡವಳಾಗಿ ಡಿಪ್ಲೊಮಾ ಮುಗಿಸಿ, ಬರೆದುಕೊಳ್ಳುವ ನೌಕರಿಯನ್ನೇ ಹಿಡಿದಳು.

ಆರು ತಿಂಗಳು ತರಬೇತಿ. ಕೊನೆಗೆ ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದು, ಇವಳು ತಪಾಸಣೆ ಮಾಡುವುದನ್ನು ತಾವೇ ನಿಂತು ನೋಡುತ್ತಾರೆ. ಸರಿಯೆನಿಸಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಆ ಆರು ತಿಂಗಳೂ ಅವಳನ್ನು ಗಣಿಯ ಕಡೆಗೇ ಹಾಕಿದ್ದರು, ನಮ್ಮ ಅಡುಗೆಮನೆಗೆ ಅವಳ ಕಾಲು ಬಿದ್ದಿರಲಿಲ್ಲ. ತಪಾಸಣೆಯ ಹಿಂದಿನ ದಿನ ಸಂಜೆ ನಾನು ಮೆಲ್ಲಗೆ ಕೇಳಿದೆ, “ನಾಳಿ ನಮ್ಮ ಕಡಿ ಬರ್ತೀ ಏನವ್ವಾ?”

“ಎಲ್ಲಿಗಿ ಹೋಗ್ತೀನಿ ಅಂತ ಹೇಳಂಗಿಲ್ಲ ಆಯಿ. ರೂಲ್ಸ್ ಅದ.”

“ಹೇಳಬ್ಯಾಡ, ಹೇಳಬ್ಯಾಡ. ನಮಗ ಹ್ಯಾಂಗರೆ ಗೊತ್ತಾಗ್ತದ” ಎಂದು ನಾನು ಒಳಗೊಳಗೇ ನಕ್ಕೆ. ನನ್ನ ಲೆಕ್ಕ ಸರಳವಾಗಿತ್ತು. ಅವಳು ಬಂದಾಗ ಎಲ್ಲರ ತಲೆಯ ಮೇಲೆ ಟೊಪ್ಪಿಗೆ ಇದ್ದರೆ ದೊಡ್ಡ ಸಾಹೇಬರು ಸಂತೋಷಪಡುತ್ತಾರೆ, ಅವರು ಸಂತೋಷಪಟ್ಟರೆ ಇವಳು ಕಾಯಂ. ಮೊಮ್ಮಗಳಿಗಾಗಿ ಇಷ್ಟು ಮೋಸ ಮಾಡದಿದ್ದರೆ ನಾನೆಂಥ ಅಜ್ಜಿ?

ಮರುದಿನ ಹತ್ತೂವರೆಯ ಹೊತ್ತಿಗೆ ಚಂದಮ್ಮನ ಕೈ ನಿಂತಿತು. ಪಕ್ಕದವಳದು ನಿಂತಿತು. ಸದ್ದು ಸಾಲಾಗಿ ಆರುತ್ತ ಬಂದು ನನ್ನ ಹತ್ತಿರ ಮುಗಿಯಿತು. ಟೊಪ್ಪಿಗೆಗಳು ತಲೆಗೆ ಹಾರಿದವು, ಬಳೆಗಳು ಸರಿದವು, ಚಂದಮ್ಮ ಗ್ಲೌಸು ಕೊಡವಿ ಅಡಿಕೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸುರಿದಳು. ಮುಂದಿನ ಬಾಗಿಲಲ್ಲಿ ಬಿಳಿ ಹೆಲ್ಮೆಟ್ಟಿನ ದೊಡ್ಡ ಸಾಹೇಬರು, ಪಕ್ಕದಲ್ಲಿ ಮ್ಯಾನೇಜರರು. ನಾವೆಲ್ಲ ದೇವರ ಫೋಟೊದ ಹಾಗೆ ಕುಳಿತೆವು. ಆದರೆ ಅಂಬಿಕಾ ಕಾಣಲಿಲ್ಲ. ಎಲ್ಲಿ ಈ ಹುಡುಗಿ ಎಂದು ನಾನು ಕತ್ತು ಉದ್ದ ಮಾಡುತ್ತಿರುವಾಗ ನನ್ನ ಬೆನ್ನ ಹಿಂದಿನಿಂದ, ನೀರು ತರುವ ಬಾಗಿಲ ಕಡೆಯಿಂದ ಒಂದು ದನಿ ಬಂತು.

“ಶರಣಮ್ಮನವರೇ.”

ಅವಳು ಹುಟ್ಟಿದಾಗಿನಿಂದ ನನ್ನ ಹೆಸರು ಹಿಡಿದು ಕರೆದವಳಲ್ಲ. ತಿರುಗಿ ನೋಡಿದರೆ ಕೈಯಲ್ಲಿ ಪ್ಯಾಡು, ಪೆನ್ನು, ತಲೆಯ ಮೇಲೆ ಹೆಲ್ಮೆಟ್ಟು. ಟೊಪ್ಪಿಗೆ ಹಾರಿದ್ದು, ಅಡಿಕೆ ಸುರಿದದ್ದು, ಎಲ್ಲವನ್ನೂ ಹಿಂದೆ ನಿಂತು ನೋಡಿಬಿಟ್ಟಿದ್ದಾಳೆ.

“ಎದ್ದು ಈ ಕಡಿ ಬರ್ರಿ.”

“ಹಂಚಿನ ಮ್ಯಾಲ ರೊಟ್ಟಿ ಅದವ್ವಾ.”

“ಚಂದಮ್ಮನವ್ರು ತಿರುವ್ತಾರ. ನೀವು ಸೆರಗ ಸರಸ್ರಿ. ಬಳಿ ಎಷ್ಟವ?”

“ಬಲಗೈಗಿ ಆರು. ಎಡಗೈಗಿ ಐದು.”

“ಎಡಗೈಗಿ ಯಾಕ ಐದು?”

ಹನ್ನೊಂದು ಅಂದಿದ್ದರೆ ಮುಗಿಯುತ್ತಿತ್ತು, ಕೈಗೊಂದು ಲೆಕ್ಕ ಕೊಟ್ಟು ಸಿಕ್ಕಿಬಿದ್ದೆ. ಆರನೆಯದು ಹೋದ ವಾರ ಹಿಟ್ಟು ನಾದುವಾಗ ಒಡೆದಿತ್ತು. ನಾನು ಆ ಹಿಟ್ಟನ್ನು ಬೇರೆ ತೆಗೆದು ಚೂರುಗಳನ್ನು ಆರಿಸಿದ್ದೆ, ಆಮೇಲೆ ರೊಟ್ಟಿ ಬಡಿದಿದ್ದೆ. ಯಾರಿಗೂ ಹೇಳಿರಲಿಲ್ಲ. ಆವತ್ತು ಮಧ್ಯಾಹ್ನವೆಲ್ಲ ಉಣ್ಣುವವರ ಬಾಯನ್ನೇ ನೋಡುತ್ತ ನಿಂತಿದ್ದೆ. ಈಗ ಹೇಳಿದೆ.

“ಚೂರೆಲ್ಲ ಸಿಕ್ಕಾವೇನು?”

“ಸಿಕ್ಕಾವ ಅನ್ಕೊಂಡೀನಿ.”

“ಅನ್ಕೊಂಡ್ರ ಆಗಂಗಿಲ್ಲ. ಅಪ್ಪನೂ ಇಲ್ಲೇ ಉಣ್ತಾನ, ಆಯಿ.” ಅವಳ ದನಿ ಅಷ್ಟರಲ್ಲಿ ಮಾತ್ರ ಮೆತ್ತಗಾಯಿತು. ಅವಳ ಅಪ್ಪ ಎಂದರೆ ನನ್ನ ಮಗ, ಅಲ್ಲೇ ಪ್ಯಾಕಿಂಗಿನಲ್ಲಿ ಕೆಲಸ.

ದೊಡ್ಡ ಸಾಹೇಬರು ನಕ್ಕು, “ಅರೆ ಬೇಟಾ, ಘರ್ ಕೀ ಬಾತ್ ಹೈ, ಛೋಡೋ” ಎಂದರು. ಅವಳು ಬಿಡಲಿಲ್ಲ. “ಅಗ್ರಿಮೆಂಟಿನಾಗ ಮನಿ ಮಾತು ಅಂತ ಇಲ್ರಿ ಸರ್. ಇದನ್ನ ಬರೀತೀನಿ” ಎಂದು ಬರೆದಳು. ಆಮೇಲೆ ಹಾಳೆ ಮಗುಚಿ, “ನಮ್ಮ ಕಂಪನಿ ಕಡಿ ಜವಾಬ್ದಾರಿನೂ ಅದರಾಗೇ ಅವ” ಎಂದು ಮೇಲೆ ನೋಡಿದಳು. ಹೊಗೆ ಎಳೆಯುವ ಫ್ಯಾನು ಕೆಟ್ಟು ನಾವು ಕಣ್ಣು ಒರೆಸಿಕೊಂಡು ಒರೆಸಿಕೊಂಡು ಸಾಕಾಗಿದ್ದೆವು. ಸುಟ್ಟ ಗಾಯದ ಮದ್ದಿನ ಪೆಟ್ಟಿಗೆ ತೆಗೆದರೆ ಒಳಗೆ ಒಂದು ಒಣಗಿದ ಹಲ್ಲಿ. ಅದನ್ನೂ ಬರೆದಳು. ಒಲೆಯ ಹತ್ತಿರ ಪ್ಲಾಸ್ಟಿಕ್ ಗ್ಲೌಸು ಕರಗಿ ಚರ್ಮಕ್ಕೆ ಅಂಟುತ್ತದೆ, ಆ ನಿಯಮವೇ ತಪ್ಪು, ಸಾಬೂನಿನಿಂದ ಕೈ ತೊಳೆಯುವುದೇ ಸರಿ ಎಂದೂ ಬರೆದಳು. ಮ್ಯಾನೇಜರರ ಮುಖ ನಿನ್ನೆಯ ರೊಟ್ಟಿಯಂತೆ ಸೆಟೆದುಕೊಂಡಿತು. ಸ್ವಂತ ಅಜ್ಜಿಯ ತಪ್ಪನ್ನು ಬರೆದ ಹಾಳೆಯ ಬೆನ್ನಿಗೇ ತಮ್ಮ ತಪ್ಪು ಇರುವಾಗ ಅವರಾದರೂ ಏನು ವಾದ ಮಾಡಬೇಕು?

“ಶರಣಮ್ಮನವರೇ, ಇವತ್ತ ನೀವು ಒಳಗ ಕೆಲಸ ಮಾಡಂಗಿಲ್ಲ. ಹೊರಗ ಹೋಗ್ರಿ.”

ಹೋದೆ. ಬೇವಿನ ಗಿಡದ ಕೆಳಗೆ ಕುಳಿತೆ. ಕಿಟಕಿಯಿಂದ ಚಂದಮ್ಮ, “ಏನ್ ಯಕ್ಕಾ, ಮೊಮ್ಮಗಳಿಗಿ ಭಾಳ ಚಲೋ ಬೆಳಸೀದಿ!” ಎಂದು ಕುಟುಕಿದಳು. ಸಿಟ್ಟು ಬರಬೇಕಿತ್ತು. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ. ಅದರ ಬದಲು ನಗು ಬಂತು. ಗೇಟಿನ ವಾಚ್‌ಮನ್ನನ್ನು ಕರೆದು, “ಆಕಿ ನನ್ನ ಮೊಮ್ಮಗಳು” ಎಂದೆ. “ನಿಮಗ ಹೊರಗ ಹಾಕ್ಯಾಳಂತಲ್ರಿ?” ಎಂದ. “ಹೂಂ ಮತ್ತ! ಹ್ಯಾಂಗ ಹಾಕಿದಳು, ನೀ ನೋಡ್ಬೇಕಿತ್ತು!” ಎಂದೆ.

ಸಂಜೆ ಮನೆಯಲ್ಲಿ ಕೇಳಿದೆ, ಹಿಂದಿನ ಬಾಗಿಲಿಗೆ ಹೋಗಬೇಕೆಂದು ನಿನಗೆ ಹೇಗೆ ಹೊಳೆಯಿತು ಎಂದು. “ನಾ ಸಣ್ಣಾಕಿ ಇದ್ದಾಗ ನೀ ರೊಟ್ಟಿ ಬಡಿಯೂದು ನಡುವ ನಿಲ್ಲಿಸಿದ್ರ ಅವ್ವಗ ಗೊತ್ತಾಗದಂಗ ನನಗ ಬೆಲ್ಲ ತುಪ್ಪ ಹಚ್ಚಿದ ರೊಟ್ಟಿ ಕೊಡ್ತಿದ್ದಿ” ಎಂದಳು. “ಸದ್ದು ನಿಂತದ ಅಂದ್ರ ಆಯಿ ಏನೋ ಕಳ್ಳಾಟ ನಡಸ್ಯಾಳ ಅಂತ ನನಗ ಆವಾಗಿಂದ ಗೊತ್ತು. ಆರು ತಿಂಗಳಿಂದ ಗಣಿ ಕಡಿಂದ ಕೇಳಲಿಕತ್ತೀನಿ, ಯಾರರೆ ಸಾಹೇಬ್ರು ಬಂದಾಗೆಲ್ಲ ನಿಲ್ತದ. ಅದಕ್ಕ ಅವರನ್ನ ಮುಂದ ಕಳಿಸಿ ನಾ ಹಿಂದಿಂದ ಬಂದೆ.” ನನ್ನ ಗುಟ್ಟನ್ನು ಬೆಲ್ಲ ತುಪ್ಪ ಹಚ್ಚಿ ನಾನೇ ಅವಳಿಗೆ ತಿನ್ನಿಸಿದ್ದೆ.

ಈಗ ಕ್ಯಾಂಟೀನಿನ ಬಾಗಿಲಲ್ಲಿ ಹತ್ತು ಗೂಟಗಳಿವೆ, ಒಬ್ಬೊಬ್ಬಳ ಬಳೆಗೆ ಒಂದೊಂದು. ಸಾಬೂನು ಹಚ್ಚಿ ಬಳೆ ತೆಗೆದ ಮೊದಲ ದಿನ ನನ್ನ ಕೈ ನನ್ನದೇ ಅನ್ನಿಸಲಿಲ್ಲ. ಕೆಲಸದ ನಡುವೆ ಹೊರಗೆ ಬಂದು ಮನೆಗೆ ಫೋನ್ ಹಚ್ಚಿ, “ಏನ್ರಿ, ಆರಾಮ ಅದೀರೇನು?” ಎಂದೆ. “ಆರಾಮ” ಎಂದರು. ಒಂದು ತಾಸಿಗೆ ಮತ್ತೆ ಹಚ್ಚಿದೆ. ಮೂರನೆಯ ಸಲ ಅವರಿಗೆ ರೇಗಿತು. “ಏ, ನಾ ಸತ್ರ ನಾನೇ ಫೋನ್ ಮಾಡಿ ಹೇಳ್ತೀನಿ, ನೀ ಸುಮ್ಮ ರೊಟ್ಟಿ ಬಡಿ!” ಎಂದರು. ಅಂದಿನಿಂದ ನನಗೆ ಧೈರ್ಯ. ಫ್ಯಾನು ತಿರುಗುತ್ತಿದೆ, ಪೆಟ್ಟಿಗೆಯಲ್ಲಿ ಹಲ್ಲಿಯ ಬದಲು ಮದ್ದಿದೆ, ಗ್ಲೌಸಿನ ನಿಯಮ ಹೋಯಿತು. ಚಂದಮ್ಮನಿಗೆ ಮಾತ್ರ ಎಲೆ ಅಡಿಕೆಗೆ ಜಾಗವಿಲ್ಲ. ಇವತ್ತು ಬೆಳಿಗ್ಗೆ ಅಂಬಿಕಾಳ ಕೈಗೆ ಕಾಗದ ಬಂತು. ತನ್ನ ಅಜ್ಜಿಯನ್ನೇ ಬಿಡದವಳು ನಮ್ಮನ್ನು ಬಿಡುತ್ತಾಳೆಯೇ ಎಂದು ದೊಡ್ಡ ಸಾಹೇಬರು ಅಂದರಂತೆ.

ಸಂಜೆ ಸೊಸೆ ತೊಗರಿಬೇಳೆಯ ಹೂರಣದ ಹೋಳಿಗೆ ಮಾಡಿದಳು, ನಾನು ರೊಟ್ಟಿಗೆ ಕುಳಿತೆ. ಹೆಲ್ಮೆಟ್ಟಿನ ಬೆವರಿಗೆ ತಲೆ ತುರಿಸುತ್ತದೆಂದು ಅಂಬಿಕಾ ಜಡೆ ಬಿಚ್ಚಿ ಕೂದಲು ಹರವಿಕೊಂಡು ನನ್ನ ಪಕ್ಕವೇ ಕುಳಿತು, ಹರಟುತ್ತ ನನಗೆ ಉಂಡೆ ಮಾಡಿಕೊಟ್ಟಳು. ಎಲ್ಲರೂ ನನ್ನನ್ನು ನೋಡಿ ನಗುವುದು ಯಾಕೆಂದು ತಿಳಿಯದೆ ತಲೆ ಮುಟ್ಟಿಕೊಂಡರೆ, ಟೊಪ್ಪಿಗೆ! ನನಗೆ ಗೊತ್ತಿಲ್ಲದೆ ನನ್ನ ಕೈಯೇ ಹಾಕಿಬಿಟ್ಟಿದೆ. “ಬದನಿಕಾಯಿ ಬಂತು” ಎಂದರು ನಮ್ಮ ಮನೆಯವರು. ಐದೂ ಜನ ಸುತ್ತ ಕುಳಿತು ಉಣ್ಣತೊಡಗಿದೆವು. ಪುಂಡಿಪಲ್ಯದ ಜೊತೆ ಮೊದಲ ತುತ್ತು ಮುರಿದೆ, ರೊಟ್ಟಿಯಿಂದ ಒಂದು ಕೂದಲು ಎದ್ದು ಬಂತು. ಮೊಳದುದ್ದ, ಕಪ್ಪಗೆ ಮಿರಿಮಿರಿ. ನನ್ನದು ಪೂರ್ತಿ ಬೆಳ್ಳಗೆ, ಅದರ ಮೇಲೆ ಟೊಪ್ಪಿಗೆ ಬೇರೆ. ಸೊಸೆಯದು ಅಷ್ಟು ಉದ್ದವಿಲ್ಲ. ಎದುರಿಗೆ ಇವತ್ತೇ ಕಾಯಂ ಆದ ಸೇಫ್ಟಿ ಆಫೀಸರು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತಿದ್ದಾಳೆ. ಬರೆಯಬೇಕಾದ ತಪ್ಪು, ಸಾಕ್ಷಿ ನನ್ನ ಬೆರಳ ತುದಿಯಲ್ಲೇ ಇತ್ತು. ಆದರೆ ನಾನು ಆ ನೌಕರಿಗೆ ನಾಲಾಯಕ್ಕು. ಸದ್ದು ನಿಂತರೆ ಅವಳಿಗೆ ತಿಳಿಯುತ್ತದೆಂದು ಈಗ ನನಗೂ ಗೊತ್ತಿರುವುದರಿಂದ, ಉಳ್ಳಾಗಡ್ಡಿಯನ್ನು ಕಟುಮ್ ಕಟುಮ್ ಎಂದು ಬಿಡದೆ ಕಡಿಯುತ್ತಲೇ, ಆ ಕೂದಲನ್ನು ಎಡಗೈಯ ಬಳೆಗೆ ಮೆಲ್ಲಗೆ ಸುತ್ತಿಬಿಟ್ಟೆ. “ಆಯಿ, ಇನ್ನೊಂದು ರೊಟ್ಟಿ ಹಾಕು” ಎಂದಳು. ಹಾಕಿದೆ. ಎಲ್ಲರೂ ಹೊಟ್ಟೆ ತುಂಬ ಉಂಡೆವು.