ತೊಂಬತ್ತಮೂರನೇ ಕಲಮಿಗೆ ಲಿಂಗಧಾರಣೆಯ ದಾಖಲೆ

ಸ್ಕಾರ್‌ಬರೋ
ಅಕ್ಟೋಬರ್ ಮಧ್ಯ, ಇನ್ನೂ ಹಿಮ ಬಿದ್ದಿಲ್ಲ

ಕೆನಡಾ ಸಂವಿಧಾನದ ತೊಂಬತ್ತಮೂರನೇ ಕಲಮಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಧಾರವಾಡದ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿ, ಸದ್ಯ ಮಗಳ ಮನೆಯಲ್ಲಿ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಹುದ್ದೆಯಲ್ಲಿರುವ ವೀರಭದ್ರಪ್ಪನು ಹನ್ನೊಂದನೇ ಮಹಡಿಯಿಂದ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾವು ಒಂದು ಮಣಿಕಟ್ಟಿನ ಹೊರತಾಗಿ ಕ್ಷೇಮ. ತಮ್ಮ ಕ್ಷೇಮವನ್ನು ಕೇಳುವ ಅಗತ್ಯವಿಲ್ಲ. ಕ್ವಿಬೆಕ್ಕಿನವರು ಸುಮಾರು ಮೂವತ್ತು ವರ್ಷಗಳ ಹಿಂದೆಯೇ ತಮಗೆ ಕೈಮುಗಿದು ಕಳಿಸಿಕೊಟ್ಟರೂ, ನಮ್ಮ ಒಂಟಾರಿಯೋದಲ್ಲಿ ತಾವು ಕೂದಲು ಕೊಂಕದಂತೆ ಇದ್ದೀರಿ ಎಂಬುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ದಿನಾ ನೋಡುತ್ತಿದ್ದೇನೆ.

ತಮ್ಮ ಹುಟ್ಟಿನ ಬಗ್ಗೆ ನನಗೆ ನಿಜವಾದ ಗೌರವವಿದೆ. 1867ರಲ್ಲಿ ಈ ದೇಶ ಹುಟ್ಟಿದ ಕಾಗದದಲ್ಲೇ ತಾವೂ ಹುಟ್ಟಿದಿರಿ. ಪ್ರಾಟೆಸ್ಟಂಟರೇ ತುಂಬಿದ್ದ ಒಂಟಾರಿಯೋದಲ್ಲಿ ಕಡಿಮೆ ಮಂದಿಯಿದ್ದ ಕ್ಯಾಥೊಲಿಕರಿಗೆ, ನಿಮ್ಮ ಮಕ್ಕಳಿಗೆ ಸರ್ಕಾರದ ದುಡ್ಡಿನಲ್ಲೇ ನಿಮ್ಮದೇ ಶಾಲೆ, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಮಾತು ಕೊಟ್ಟಿರಿ. ಕಡಿಮೆ ಮಂದಿಗೆ ಕೊಟ್ಟ ಮಾತನ್ನು ಇಷ್ಟು ಕಾಲ ಉಳಿಸಿಕೊಂಡ ಸರ್ಕಾರವನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಕಡಿಮೆ ಮಂದಿ ಈಗ ಕಡಿಮೆಯೇನೂ ಇಲ್ಲ, ಬೇರೆ ಕಡಿಮೆ ಮಂದಿ ನೂರಾರು ಬಗೆಯವರು ಬಂದು ಕೂತಿದ್ದಾರೆ ಎಂಬ ಸಣ್ಣ ಸಂಗತಿಯನ್ನು ತಮಗೆ ಯಾರೂ ತಿಳಿಸಿಲ್ಲವೆಂದು ಕಾಣುತ್ತದೆ, ಅದು ತಮ್ಮ ತಪ್ಪಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡದ ಪಾರ್ಕಿಂಗ್ ದಾಟಿದರೆ ತಮ್ಮ ಕೃಪೆಯಲ್ಲಿರುವ ಕ್ಯಾಥೊಲಿಕ್ ಶಾಲೆ. ಕಿಟಕಿಯಲ್ಲಿ ನಿಂತರೆ ಮಕ್ಕಳ ಟೊಪ್ಪಿಗೆಯ ಬಣ್ಣ ಕಾಣುತ್ತದೆ. ನನ್ನ ಮೊಮ್ಮಗಳು ಕೃತಿ, ಐದು ವರ್ಷದವಳು, ಹೋಗುವುದು ಆರು ಸಾಲಿನ ರಸ್ತೆ ದಾಟಿ ಒಂದೂವರೆ ಕಿಲೋಮೀಟರು ಆಚೆಯ ಪಬ್ಲಿಕ್ ಶಾಲೆಗೆ. ಶಾಲೆ ಒಳ್ಳೆಯದು, ಟೀಚರು ಇನ್ನೂ ಒಳ್ಳೆಯವರು. ಇನ್ನೊಂದು ನೂರು ಮೀಟರು ದೂರವಿದ್ದಿದ್ದರೆ ಹಳದಿ ಬಸ್ಸು ಬರುತ್ತಿತ್ತಂತೆ. ಮಗಳು ರಾಜೇಶ್ವರಿ ವೃದ್ಧರ ಆರೈಕೆಯ ಕೆಲಸಕ್ಕೆ ಬೆಳಕು ಹರಿಯುವ ಮುಂಚೆ ಹೊರಡುತ್ತಾಳೆ, ಅಳಿಯ ಪ್ರವೀಣಕುಮಾರನದು ವೇರ್‌ಹೌಸಿನ ಶಿಫ್ಟು. ಆದ್ದರಿಂದ ಬಸ್ಸು ನಾನೇ.

ಕಳೆದ ಫೆಬ್ರವರಿಯಲ್ಲಿ ಈ ಬಸ್ಸು ಮಂಜುಗಡ್ಡೆಯ ಮೇಲೆ ಜಾರಿತು. ಮುರಿದದ್ದು ನನ್ನ ಮಣಿಕಟ್ಟು ಮಾತ್ರ. ಆದರೆ ಬೀಳುವಾಗ ಅವಳ ಕೈ ನನ್ನ ಕೈಯಿಂದ ತಪ್ಪಿತ್ತು, ಅವಳು ಕುಂಡಿಯ ಮೇಲೆ ಜಾರುತ್ತಾ ರಸ್ತೆಯ ಅಂಚಿನವರೆಗೆ ಹೋಗಿ ನಿಂತಳು. ಅವಳು ನಕ್ಕಳು. ನಾನು ಇವತ್ತಿನವರೆಗೂ ನಕ್ಕಿಲ್ಲ. ಮತ್ತೆ ಚಳಿಗಾಲ ಬರುತ್ತಿದೆ, ನನಗೆ ಭಯವಾಗಿದೆ, ಈ ಪತ್ರದ ಸೌಜನ್ಯವೆಲ್ಲ ಆ ಭಯದ ಮೇಲೆ ಹೊದಿಸಿದ ಶಾಲು ಎಂದು ತಾವು ತಿಳಿಯಬೇಕು.

ಎದುರಿನ ಶಾಲೆಯ ಅರ್ಜಿ ತಂದೆವು. ಅದರಲ್ಲಿ ಮಗುವಿನ ಬ್ಯಾಪ್ಟಿಸಮ್ ಸರ್ಟಿಫಿಕೇಟು ಬೇಕೆಂದಿತ್ತು. ಅದು ತಲೆಗೆ ನೀರು ಹಾಕಿ ಕೂಸನ್ನು ಧರ್ಮಕ್ಕೆ ಸೇರಿಸಿಕೊಂಡ ದಾಖಲೆ ಎಂದು ರಾಜೇಶ್ವರಿ ವಿವರಿಸಿದಾಗ ನನ್ನ ಹೆಂಡತಿ ಮಲ್ಲವ್ವ, "ಕೂಸಿಗೆ ಲಿಂಗಾ ಕಟ್ಟೇವಿ, ಸ್ವಾಮಿಗೋಳು ನೀರೂ ಹೊಡದಾರ, ಇನ್ನೇನ್ ಬೇಕಂತ ಅವರಿಗೆ?" ಎಂದಳು. ಗುಮಾಸ್ತನಾದ ನನಗೂ ಅದು ಸರಿಯೆನ್ನಿಸಿತು. ಐದು ತಿಂಗಳ ಕೂಸಾಗಿದ್ದಾಗ ಊರಿಗೆ ಕರೆಸಿಕೊಂಡು ಲಿಂಗಧಾರಣೆ ಮಾಡಿಸಿದ್ದೆವು. ಭಾವಮೈದುನ ಚನ್ನವೀರಪ್ಪ ಹಿರೇಮಠಕ್ಕೆ ಹೋಗಿ, ಸ್ವಾಮಿಗಳ ಸಹಿ, ಮಠದ ಗುಂಡು ಮೊಹರು ಹಾಕಿಸಿ ಪ್ರಮಾಣಪತ್ರ ಕಳಿಸಿದ. ನಾನು ಅದನ್ನು ಇಂಗ್ಲಿಷಿಗೆ ಇಳಿಸಿ, ನೋಟರಿಯಿಂದ ದೃಢೀಕರಣ ಮಾಡಿಸಿ, ಪಾದ್ರಿಯ ಹೆಸರು ಎಂಬಲ್ಲಿ ಸ್ವಾಮಿಗಳ ಹೆಸರನ್ನೂ, ಪ್ಯಾರಿಶ್, ಅಂದರೆ ಯಾವ ಚರ್ಚಿಗೆ ಸೇರಿದವರು, ಎಂಬಲ್ಲಿ ಹಿರೇಮಠ ಎಂದೂ, ಧರ್ಮಮಾತೆ ಎಂಬಲ್ಲಿ ಮಲ್ಲವ್ವ ಎಂದೂ ಬರೆದೆ. ನನ್ನ ಸೇವೆಯಲ್ಲಿ ಅಷ್ಟು ಚೊಕ್ಕಾಗಿ ತುಂಬಿದ ಅರ್ಜಿ ಇನ್ನೊಂದಿಲ್ಲ.

ಶಾಲೆಯ ಕಚೇರಿಯಲ್ಲಿದ್ದವಳು ನಿಶ್ಮಿತಾ ಡಿಸೋಜ ಎಂಬ ಬೆಳ್ತಂಗಡಿ ಕಡೆಯ ಹೆಣ್ಣುಮಗಳು. ನನ್ನ ಭಾಷಾಂತರವನ್ನು ಬದಿಗಿಟ್ಟು ಕನ್ನಡದ ಮೂಲವನ್ನೇ ಓದಿದಳು. ಓದುತ್ತಾ ಅವಳ ಕಣ್ಣು ಒದ್ದೆಯಾದದ್ದು ನಗುವಿನಿಂದಲೋ ಊರಿನ ನೆನಪಿನಿಂದಲೋ ನನಗೆ ಗೊತ್ತಿಲ್ಲ. "ಮಠದ ಸೀಲು ಚಂದ ಉಂಟು ಅಂಕಲ್, ಆದ್ರೆ ಎಂತ ಮಾಡುದು, ಕಂಪ್ಯೂಟರಿನ ಲಿಸ್ಟಲ್ಲಿ ಹಿರೇಮಠ ಇಲ್ಲ ಮಾರಾಯ್ರೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಗ್ರೇಡ್ ನೈನಿಗೆ ಬನ್ನಿ, ಆಗ ಯಾರೂ ಎಂತದ್ದೂ ಕೇಳುದಿಲ್ಲ" ಎಂದು ಸೇರಿಸಿದಳು. ಐದು ವರ್ಷಕ್ಕೆ ಅತ್ಯಗತ್ಯವಾದ ನಂಬಿಕೆ ಹದಿನಾಲ್ಕಕ್ಕೆ ಐಚ್ಛಿಕವಾಗುವ ಈ ಏರ್ಪಾಡನ್ನು ನಾನು ಮೆಚ್ಚಿದೆ. ನಮ್ಮ ಕಡೆ ಇದಕ್ಕೆ ಪೂರಾ ಉಲ್ಟಾ, ಜನ ವಯಸ್ಸಾದ ಮೇಲೆ ದೇವರನ್ನು ಹುಡುಕಿಕೊಂಡು ಹೋಗುತ್ತಾರೆ.

ಧಾರವಾಡದಲ್ಲಿ ನಾನು ಕಲಿತದ್ದೂ ಮಿಶನ್ ಶಾಲೆಯಲ್ಲೇ. ಅದನ್ನು ಕಟ್ಟಿದವರು ಸಮುದ್ರ ದಾಟಿ ಬಂದಿದ್ದೇ ನಮ್ಮನ್ನು ಕ್ರಿಸ್ತನ ಕಡೆಗೆ ತಿರುಗಿಸಲಿಕ್ಕೆ. ಆದರೂ ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ ಹಾಕಿಕೊಂಡು ನಿಂತ ಹುಡುಗನ ಅಪ್ಪನಿಗೆ ಆ ಶಾಲೆಯವರು ಕೇಳಿದ್ದು ವಯಸ್ಸೊಂದೇ. ಬೆಳಗಿನ ಪ್ರಾರ್ಥನೆಗೆ ನಾನೂ ದನಿಗೂಡಿಸಿದೆ, ಲಿಂಗಪೂಜೆಯನ್ನೂ ಬಿಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಅವರು ಪ್ರಾಟೆಸ್ಟಂಟರು, ಆ ಲೆಕ್ಕ ಬೇರೆ ಎಂದು ತಾವು ಹೇಳಬಹುದು. ಅಲ್ಲಿ ಕಲಿತ ಪಾಠವೊಂದು ಮಾತ್ರ ಇಲ್ಲಿ ಉಪಯೋಗಕ್ಕೆ ಬಂದಿದೆ. ಯೇಸುಸ್ವಾಮಿಗೆ ಹೊಳೆಯಲ್ಲಿ ದೀಕ್ಷಾಸ್ನಾನವಾದದ್ದು ಸುಮಾರು ಮೂವತ್ತನೇ ವಯಸ್ಸಿಗೆ. ಪಾರ್ಕಿಂಗಿನ ಆಚೆಯ ಶಾಲೆಯಲ್ಲಿ ಅವರಿಗೂ ಒಂದನೇ ಇಯತ್ತೆಗೆ ಸೀಟು ಸಿಗುತ್ತಿರಲಿಲ್ಲ.

ಅಳಿಯ ಒಂದು ದಾರಿ ಹುಡುಕಿದ. "ಮಾವಾರ, ಒಂದ್ ತಂಬಿಗಿ ನೀರಿನ ಮಾತು, ಹಾಕಿಸಿಬಿಡೂಣು" ಎಂದ. ಮಲ್ಲವ್ವ ಅವನ ಜೊತೆ ಮೂರು ದಿನ ಮಾತು ಬಿಟ್ಟಳು. ಅವನು ಪಾದ್ರಿಗಳನ್ನು ಕಂಡು ಬಂದ. ಪಾದ್ರಿಗಳು ಕೇಳಿದ್ದು ಒಂದೇ ಪ್ರಶ್ನೆ, ನೀನು ಇದನ್ನು ನಂಬುತ್ತೀಯಾ ಎಂದು. ಪ್ರವೀಣಕುಮಾರ ಮಂಜುಗಡ್ಡೆಯ ರಸ್ತೆಯ ಕಥೆ ಹೇಳತೊಡಗಿದ. ಹಾಗಾದರೆ ಒಂದು ಪಾರ್ಕಿಂಗಿನ ಸಲುವಾಗಿ ದೇವರ ಮುಂದೆ ಸುಳ್ಳು ಹೇಳಬೇಡ, ನನ್ನ ದೇವರ ಮುಂದೆಯೂ ಬೇಡ, ನಿನ್ನ ದೇವರ ಮುಂದೆಯೂ ಬೇಡ ಎಂದು ಚಹಾ ಕುಡಿಸಿ ಕಳಿಸಿದರಂತೆ. ಕೇಳಿದ ಮಲ್ಲವ್ವ, "ಖರೇ ಮನಿಷ್ಯಾ ಅಂವಾ" ಎಂದು ಅಳಿಯನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಊರಲ್ಲಿ ನಡೆಯುವುದಿಲ್ಲ. ಇಲ್ಲಿ ಪೂಜಾರಿ ಒಳ್ಳೆಯವರು, ದೇವರೂ ಒಳ್ಳೆಯವನೇ ಇರಬೇಕು. ಅಡ್ಡ ನಿಂತವರು ತಾವು.

ಆದ್ದರಿಂದ ನನ್ನ ವಿನಮ್ರ ಬಿನ್ನಹ. ಕಂಪ್ಯೂಟರಿನ ಪಟ್ಟಿಗೆ ಹಿರೇಮಠವನ್ನು ಸೇರಿಸಬೇಕು. ಅದಾಗದಿದ್ದರೆ ನಮ್ಮ ಹನ್ನೊಂದು ಮಹಡಿಯನ್ನು ಬಾಡಿಗೆದಾರರ ಸಮೇತ ನೂರು ಮೀಟರು ಹಿಂದಕ್ಕೆ ಸರಿಸಿ ಹಳದಿ ಬಸ್ಸು ಕೊಡಿಸಬೇಕು. ಇನ್ನು, ತಮ್ಮ ಕಿರಿಯ ಬಂಧುವಾದ, ಇದೇ ಸಂವಿಧಾನಕ್ಕೆ 1982ರಲ್ಲಿ ಸೇರಿದ ಹಕ್ಕುಗಳ ಸನ್ನದು, ಈ ದೇಶ ದೇವರ ಪರಮಾಧಿಕಾರವನ್ನು ಒಪ್ಪಿದ ತತ್ವಗಳ ಮೇಲೆ ನಿಂತಿದೆ ಎಂದು ತನ್ನ ಪೀಠಿಕೆಯಲ್ಲೇ ಹೇಳುತ್ತದೆ. ದಾಖಲೆ ಕೋಣೆಯ ಕಣ್ಣಿನಿಂದ ನೋಡಿದೆ, ಆ ದೇವರ ಹೆಸರು, ಊರು, ಪ್ಯಾರಿಶ್ ಯಾವುದೂ ನಮೂದಾಗಿಲ್ಲ. ಅಪೂರ್ಣ ಅರ್ಜಿಯ ಮೇಲೆ ಅವನಿಗೆ ಇಡೀ ದೇಶದಲ್ಲಿ ಪ್ರವೇಶ ಸಿಕ್ಕಿರುವಾಗ, ಎಲ್ಲ ಕಾಲಂ ತುಂಬಿದ ಕೃತಿಗೆ ಪಾರ್ಕಿಂಗಿನ ಆಚೆ ಒಂದು ಬೆಂಚು ಸಿಗಬಾರದೇ? ಹಿಮ ಬೀಳುವ ಮುಂಚೆ ಉತ್ತರ ಬಂದರೆ ಉಪಕಾರವಾದೀತು.

ಸರ್ಟಿಫಿಕೇಟು ಇಲ್ಲದಿದ್ದರೂ
ತಮ್ಮ ವಿಶ್ವಾಸಿ,
ವೀರಭದ್ರಪ್ಪ

ತಾ.ಕ.: ಕಳೆದ ತಿಂಗಳ ಮೂವತ್ತನೇ ತಾರೀಖು ಕೃತಿ ಶಾಲೆಗೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಹೋಗಿದ್ದಳು. ಈ ನೆಲದ ಮೂಲ ಜನರ ಮಕ್ಕಳನ್ನು ಸರ್ಕಾರ ಅವ್ವ ಅಪ್ಪನಿಂದ ಕಿತ್ತು, ದೂರದ ಶಾಲೆಗಳಿಗೆ ಸಾಗಿಸಿ ಚರ್ಚುಗಳ ಕೈಗೆ ಒಪ್ಪಿಸಿತ್ತು, ಬಹಳ ಮಂದಿ ತಿರುಗಿ ಮನೆಗೆ ಬರಲಿಲ್ಲ, ಈ ಅಂಗಿ ಅವರ ನೆನಪಿಗೆ ಎಂದು ಟೀಚರು ಹೇಳಿದ್ದರಂತೆ. ಮರಳಿ ಬರುವಾಗ ಆರು ಸಾಲಿನ ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ವಕ್ರ ಕೈ ಹಿಡಿದು ನಿಂತವಳು, "ಅಜ್ಜಾ, ಡಿಡ್ ದೇ ಹ್ಯಾವ್ ದಿ ಸರ್ಟಿಫಿಕೇಟ್?" ಎಂದು ಕೇಳಿದಳು. ಮೂವತ್ತಾರು ವರ್ಷ ದಾಖಲೆ ನೋಡಿಕೊಂಡ ನಾನು, ಸಿಗ್ನಲ್ ಬಿತ್ತು ನಡಿ ಎಂದು ಅವಳನ್ನು ರಸ್ತೆ ದಾಟಿಸಿದೆ. ಆ ಕಾಲದಿಂದಲೂ ಇರುವವರು ತಾವು. ಅವಳಿಗೆ ಏನು ಹೇಳಲಿ ಎಂಬುದನ್ನಾದರೂ ತಿಳಿಸಬೇಕು.