ಬುಧವಾರ ಬರಬೇಕಿದ್ದ ಚಂಡಮಾರುತ

ಈ ವಾರ ತಮ್ಮ ಮನೆಯಲ್ಲಾದರೂ ತಮ್ಮ ಮಾತು ನಡೆಯಲೇಬೇಕು ಎಂದು ಗುಡುಗು ಸಾಹೇಬರು ಭಾನುವಾರವೇ ಶಪಥ ಮಾಡಿದರು. ಹವಾಮಾನ ಕಚೇರಿಯಲ್ಲಿ ಇಡೀ ದೇಶದ ವಾರದ ಮುನ್ಸೂಚನೆ ಬರೆಯುವವರು ಅವರೇ. ಉತ್ತರದ ಹಿಮ, ಪಶ್ಚಿಮದ ಧೂಳು, ನಡುನಾಡಿನ ಸೆಕೆ ಎಲ್ಲವೂ ಅವರ ಅಪ್ಪಣೆ ಪಡೆದೇ ಹೊರಡಬೇಕು. ಸಿಟ್ಟು ಬಂದರೆ ಮೇಜು ಗುದ್ದುವುದರಿಂದ ಈ ಅಡ್ಡಹೆಸರು. ಚಂಡಮಾರುತದ ಕಾಲದಲ್ಲಂತೂ ಮೇಜಿಗೆ ಬಿಡುವೇ ಇರುತ್ತಿರಲಿಲ್ಲ.

ಆದರೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಹೆಂಡತಿ ಅವರ ಮುನ್ಸೂಚನೆಗೆ ಒಂದು ದಿನವೂ ಕಿವಿಗೊಟ್ಟವಳಲ್ಲ. ಕಿಟಕಿಯಾಚೆ ಕೈ ಚಾಚಿ ನೋಡಿ ಬಟ್ಟೆ ಒಣಗಹಾಕುತ್ತಿದ್ದಳು. ಸಾಹೇಬರಿಗೆ ಇದು ಮೈಯೆಲ್ಲ ಉರಿಯುವ ಸಂಗತಿ.

ಬುಧವಾರ ಮಧ್ಯಾಹ್ನ ಚಂಡಮಾರುತ ತಮ್ಮ ಊರನ್ನೇ ಹಾದುಹೋಗುತ್ತದೆ ಎಂದು ಅವರು ಬರೆದಿದ್ದರು. ಅಂದು ಅವರಿಗೆ ವಾರದ ರಜೆ. ಗುಂಡಿ ತರಲು ಹೊರಟ ಹೆಂಡತಿಗೆ ಛತ್ರಿ ಹಿಡಿ ಎಂದು ಗದರಿದರು. ಅವಳು ಎಂದಿನಂತೆ ಕೈ ಚಾಚಿ ನೋಡಿ, ಛತ್ರಿಯಿಲ್ಲದೆಯೇ ಹೋದಳು.

ಆ ಸಿಟ್ಟಿನಲ್ಲೇ ಸಾಹೇಬರು ಕೆಲಸಕ್ಕಿಳಿದರು. ಕಿಟಕಿಗಳಿಗೆ ಟೇಪು ಅಂಟಿಸಿದರು. ಮಳೆನೀರು ಒಳನುಗ್ಗದಂತೆ ಬಾಗಿಲ ಸಂದಿಗೆ ಇದ್ದಬದ್ದ ಟವೆಲ್ಲನ್ನೆಲ್ಲ ತುರುಕಿದರು. ಶಾಲೆಯ ಬ್ಯಾಂಡಿನವರಿಗೆ ಮರುದಿನವೇ ಕೊಡಬೇಕಾದ ಹನ್ನೆರಡು ಕೋಟುಗಳು ಕಿಟಕಿಯ ಬಳಿ ತೂಗುತ್ತಿದ್ದವು. ಅವನ್ನು ಇಳಿಸಿ ಮಂಚದ ಕೆಳಗೆ ನೆಲದ ಮೇಲೆ ಭದ್ರವಾಗಿ ಜೋಡಿಸಿದರು. ಕರೆಂಟು ಹೋದರೆ ನೀರು ಸಿಗದೆಂದು ಬಚ್ಚಲಿನ ತೊಟ್ಟಿಗೆ ನಲ್ಲಿ ತಿರುಗಿಸಿದರು.

ಅಷ್ಟರಲ್ಲಿ ಕಚೇರಿಯಿಂದ ಫೋನು. ಚಂಡಮಾರುತ ಪೂರ್ವಕ್ಕೆ ತಿರುಗಿ ಸಮುದ್ರದಲ್ಲೇ ಕರಗುತ್ತಿದೆ ಎಂದು ನಕ್ಷೆ ವಿಭಾಗದ ಸಹೋದ್ಯೋಗಿ ತಿಳಿಸಿದಳು.

"ಅದು ಹೇಗ್ರೀ ತಿರುಗತ್ತೆ? ನಾನು ಬರೆದಾಗಿದೆ."

ಮುಕ್ಕಾಲು ಗಂಟೆ ಅವಳನ್ನು, ಉಪಗ್ರಹವನ್ನು, ಕೊನೆಗೆ ಚಂಡಮಾರುತವನ್ನೇ ತರಾಟೆಗೆ ತೆಗೆದುಕೊಂಡರು. ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದರಿಂದ ನೆಲದ ಸಮಾಚಾರ ತಿಳಿಯಲಿಲ್ಲ. ತಮ್ಮದೇ ಚಪ್ಪಲಿ ತೇಲುತ್ತ ಎದುರಿಗೆ ಬಂದಾಗ ನಲ್ಲಿಯ ನೆನಪಾಗಿ, ಫೋನಿಟ್ಟು ಬಚ್ಚಲಿಗೆ ಓಡಿದರು.

ಹೊರಗಿನ ನೀರಿಗೆಂದು ತುರುಕಿದ ಟವೆಲ್ಲು ಒಳಗಿನ ನೀರನ್ನು ಅಚ್ಚುಕಟ್ಟಾಗಿ ತಡೆದು ನಿಲ್ಲಿಸಿತ್ತು. ಆಗಲೇ ಹೆಂಡತಿ ಬಂದು ಹೆಗಲು ಕೊಟ್ಟು ಬಾಗಿಲು ತಳ್ಳಿದಳು. ನೀರು ಅವಳ ಪಾದ ಸವರಿ, ದಡದಡ ಮೆಟ್ಟಿಲಿಳಿದು, ಕೆಳಮನೆಯ ನಿವೃತ್ತ ನ್ಯಾಯಾಧೀಶರ ಹಜಾರ ಸೇರಿತು. ಅವರು ತಡಮಾಡದೆ ನೆರೆ ಪರಿಹಾರ ಕೇಂದ್ರಕ್ಕೆ ದೂರು ಕೊಟ್ಟರು.

ಹೆಂಡತಿ ಮಂಚದಡಿಯಿಂದ ಕೋಟುಗಳನ್ನು ಒಂದೊಂದಾಗಿ ಎಳೆದಳು. ಮೂರು ವಾರದ ಹೊಲಿಗೆ. ಕೆಂಪು ಬಣ್ಣವೆಲ್ಲ ಬಿಳಿ ಕಾಲರಿಗೆ ಇಳಿದಿತ್ತು.

"ಇವನ್ನ ಯಾರು ಮುಟ್ಟಿದ್ದು?"

ಮಳೆ ಬರುತ್ತದೆಂದು ಎತ್ತಿಟ್ಟೆ ಎಂದು ಸಾಹೇಬರು ಗೊಣಗಿದರು. ಟೇಪು ಅಂಟಿಸಿದ ಗಾಜಿನಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅವಳು ಬ್ಲೇಡು ತಂದು ಅವರ ಕೈಗಿಟ್ಟಳು. ಸಂಜೆಯವರೆಗೂ ಸಾಹೇಬರು ಹಲ್ಲು ಕಚ್ಚಿಕೊಂಡು ಹನ್ನೆರಡು ಕಾಲರಿನ ಹೊಲಿಗೆ ಬಿಚ್ಚಿದರು. ಅವಳು ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ನಾಚಿಕೆ ನುಂಗಿಕೊಂಡು ಎರಡು ದಿನದ ಗಡುವು ಬೇಡಿಬಂದಳು.

ಮರುದಿನ ಬೆಳಿಗ್ಗೆ ಮತ್ತೆ ಫೋನು. ಇಡೀ ದೇಶದಲ್ಲಿ ನೆರೆಯ ವರದಿ ಬಂದಿರುವುದು ಒಂದೇ ಕಡೆಯಿಂದ, ಅದೂ ನಿಮ್ಮ ಬೀದಿಯಿಂದಲೇ, ನಿಮ್ಮ ಮುನ್ಸೂಚನೆ ಸುಳ್ಳಾಗಲಿಲ್ಲ ಸಾರ್ ಎಂದು ಸಹೋದ್ಯೋಗಿ ಸಂಭ್ರಮಿಸಿದಳು. ಸಾಹೇಬರು ಎದೆ ಸೆಟೆಸಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡಳು.

"ಹೌದಮ್ಮ, ನೆರೆ ಬಂದಿದ್ದು ನಿಜ. ಚಂಡಮಾರುತದ ಹೆಸರು ಬರೆಯೋ ಜಾಗದಲ್ಲಿ ನಮ್ಮ ಯಜಮಾನರ ಹೆಸರು ಹಾಕ್ಕೋ."