ಹಪ್ಪಳ ಹೊತ್ತ ಉಪಗ್ರಹ

ಮೇಲೆ ಹೋದವರನ್ನು ಜನ ಕತ್ತೆತ್ತಿ ನೋಡುತ್ತಾರೆ. ಅವರು ಇಳಿಯುವುದು ಹೇಗೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವನಲ್ಲ. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನನಗೆ ಒಲಿದಿದ್ದ ಒಂದೇ ವಿದ್ಯೆಯೆಂದರೆ ಪರರ ದನಿ ತೆಗೆಯುವುದು. ಭೌತಶಾಸ್ತ್ರದ ಜೋಶಿ ಸರ್ ಮೂಗಿನಿಂದ ಮಾತಾಡುತ್ತಿದ್ದರು. ಅವರು ರಜೆ ಹಾಕಿದ ದಿನವೂ ನನ್ನ ದಯೆಯಿಂದ ಅವರ ಪಾಠ ನಿಲ್ಲುತ್ತಿರಲಿಲ್ಲ.

ಬೆಳಗಾವಿಯ ವಿಜ್ಞಾನ ಪ್ರದರ್ಶನಕ್ಕೆಂದು ನಾನೂ ಗೆಳೆಯ ಅಪ್ಪಾಸಾಬನೂ ಭೂಮಿಗೆ ಮರಳಿ ಬರುವ ಪುಟ್ಟ ಉಪಗ್ರಹದ ಮಾದರಿಗೆ ಕೈಹಾಕಿದೆವು. “ಮ್ಯಾಲ ಕಳಸೂದು ಒಂದು ಪಾಲು. ಸುಡದಂಗ, ಒಡೀದಂಗ ಕೆಳಗ ತರೂದು ಮೂರು ಪಾಲು,” ಎಂದರು ಸರ್. ಸುಡದಂತೆ ತರುವುದನ್ನು ನಕ್ಷೆಯಲ್ಲೇ ಬರೆದು ಮುಗಿಸಿದೆವು. ಒಡೆಯದಂತೆ ತರುವುದಕ್ಕೆ ಮಾತ್ರ ಪರೀಕ್ಷೆಯಿತ್ತು. ಕಾಲೇಜಿನ ಮಾಳಿಗೆಯಿಂದ ಬಿಟ್ಟರೆ ಒಳಗಿನ ಕೋಳಿಮೊಟ್ಟೆ ಇಡಿಯಾಗಿ ಇಳಿಯಬೇಕು. ಇಳಿದರೆ ನಮಗೆ ಬೆಳಗಾವಿ. ಇಲ್ಲದಿದ್ದರೆ ನಮ್ಮ ಬದಲು ಕಿರಿಯರ ಗೋಬರ್ ಗ್ಯಾಸ್ ಹೋಗುತ್ತದೆ.

ತೊಡಕು ಬಂದದ್ದು ಮೊಟ್ಟೆಯಿಂದಲೇ. ನಾನು ಬಾಡಿಗೆಗಿದ್ದುದು ಜೈನರ ಮನೆಯಲ್ಲಿ. ಮನೆಯೊಡತಿ ಸುಶೀಲಾ ಕಾಕು ಹೊಸ್ತಿಲಲ್ಲೇ ಅಡ್ಡ ನಿಂತರು. “ತತ್ತಿ ಒಳಗ ಬಂತಂದ್ರ ನೀ ಹೊರಗ! ನನ್ನ ಹಪ್ಪಳ ಒಯ್ಯಿ. ಅದೇನ್ ಕಡಿಮಿ ನಾಜೂಕ ಐತೇನು?”

ಸರ್ ಒಪ್ಪಿದರು. ನಮ್ಮ ಉಪಗ್ರಹವಾಗಿದ್ದ ತಗಡಿನ ಡಬ್ಬಿ ತುಂಬಿದ್ದೂ ಕಾಕುನೇ. ಅಥಣಿಯ ಮಗಳಿಗೆ ಕೆಂಪು ಬಸ್ಸಿನಲ್ಲಿ ಹಪ್ಪಳ ಕಳಿಸುವಾಗ ಅವರು ಮಾಡುತ್ತಿದ್ದುದು ಹೀಗೆಯೇ: ಕೆಳಗೆ ಚುರಮುರಿ, ನಡುವೆ ಹಳೆಯ ಸೀರೆಯ ಮಡಿಕೆಯಲ್ಲಿ ಹಪ್ಪಳ, ಮೇಲೆ ಮತ್ತೆ ಚುರಮುರಿ. “ಅಲ್ಲಾಡಿಸಿ ನೋಡು. ಸಪ್ಪಳ ಬಂತಂದ್ರ ಹಪ್ಪಳ ಹೋತು.” ಸಪ್ಪಳವಿರಲಿಲ್ಲ. ನಮ್ಮ ವಿಜ್ಞಾನಕ್ಕೆ ಉಳಿದದ್ದು ಕೊಡೆಯ ಬಟ್ಟೆಯಿಂದ ಹೊಲಿದ ಪ್ಯಾರಾಶೂಟ್ ಒಂದೇ.

ಪರೀಕ್ಷೆಯ ದಿನ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಅಪ್ಪಾಸಾಬ ಮಾಳಿಗೆಯ ಮೇಲೆ ಪ್ಯಾರಾಶೂಟಿನ ಹಗ್ಗ ಕಟ್ಟುತ್ತಿದ್ದ. ಸರ್ ಇನ್ನೂ ಬಂದಿರಲಿಲ್ಲ. ಕೆಳಗೆ ನೆರೆದವರಲ್ಲಿ ಯಾರೋ, “ಲೇ, ಸರ್ ಬರೂತನಕಾ ನೀನ ಸರ್ ಆಗೋ,” ಎಂದರು. ನನಗೆ ಅಷ್ಟು ಸಾಕು. ಮೂಗು ಹಿಡಿದು ಕೂಗಿದೆ: “ಹಾಂ, ಅಪ್ಪಾಸಾಬ! ಎಷ್ಟೊತ್ತೋ? ಬಿಡು ಅದನ್ನ!”

ಅಪ್ಪಾಸಾಬ ವಿಧೇಯ ವಿದ್ಯಾರ್ಥಿ. ಬಿಟ್ಟೇಬಿಟ್ಟ. ಡಬ್ಬಿ ಕೆಳಗೆ ಬಂತು, ಪ್ಯಾರಾಶೂಟ್ ಅವನ ಕೈಯಲ್ಲೇ ಉಳಿಯಿತು. ಮೂಲೆ ತಿರುಗಿ ಬರುತ್ತಿದ್ದ ಸರ್ ಅವರ ಮುಂದೆಯೇ ಡಬ್ಬಿ ಢಬ್ಬೆಂದು ಬಿತ್ತು.

“ಬಿಡು ಅಂದಾಂವ ಯಾರು?”

“ನಾನ್ರೀ ಸರ್,” ಎಂದೆ. ಗಾಬರಿಯಲ್ಲಿ ಅದೂ ಅವರ ಮೂಗಿನಿಂದಲೇ ಬಂತು.

ಯಾರೂ ನಗಲಿಲ್ಲ. ಸರ್ ಕುಕ್ಕರಗಾಲಲ್ಲಿ ಕೂತು, ನೆಗ್ಗಿದ ಡಬ್ಬಿಯ ಮುಚ್ಚಳ ತೆಗೆದು, ಚುರಮುರಿ ಸರಿಸಿ, ಸೀರೆಯ ಮಡಿಕೆ ಬಿಡಿಸಿದರು. ಹಪ್ಪಳ ಹುಣ್ಣಿಮೆಯ ಚಂದ್ರನಂತೆ ಇಡಿಯಾಗಿತ್ತು. ಅವರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

“ಬೆಳಗಾವಿಗೆ ಹೋಗ್ರಿ. ವಿನ್ಯಾಸಕರ ಜಾಗಾದಾಗ ಮೊದಲ ಆ ಕಾಕುನ ಹೆಸರು ಬರೀರಿ. ವಿವರಣೆ ನೀನ ಕೊಡು. ಆದ್ರ ನಿನ್ನ ದನಿಯೊಳಗ ಕೊಡಬೇಕ್ ನೋಡು.”

ಬಸ್ಸಿನಲ್ಲಿ ಅಭ್ಯಾಸಕ್ಕೆ ಕೂತೆ. ಮೊದಲು ಸರ್ ಬಂದರು. ಗಂಟಲು ಸರಿಮಾಡಿಕೊಂಡೆ, ಕಾಕು ಬಂದರು. ಸಂಕೇಶ್ವರ ದಾಟುವಾಗ ಬಸ್ಸಿನ ಕಂಡಕ್ಟರನೂ ಬಂದುಹೋದ. ಕಡೆಗೆ ಬೆಳಗಾವಿಯೂ ಬಂತು. ನನ್ನ ದನಿ ಮಾತ್ರ ಇನ್ನೂ ಬಂದಿರಲಿಲ್ಲ.